ಕಸವನ್ನು ಯಾರಿಗಾಗಿ ಬೇರ್ಪಡಿಸಬೇಕು?

ಮನೆಯ ಕಸವನ್ನು ಹಸಿ ಕಸ, ಒಣ ಕಸ ಎಂದು ಬೇರ್ಪಡಿಸಬೇಕೆಂಬ ಉಪದೇಶವನ್ನು ಇಂದು ಕೇಳದವರು ಇರಲಾರರು. ಶಾಲೆಯ ಗೋಡೆಯಲ್ಲಿ ಅದೇ ಬರಹ, ಬಸ್ಸು ನಿಲ್ದಾಣದ ಫಲಕದಲ್ಲಿ ಅದೇ ಸೂಚನೆ, ಸಭೆ ಸಮಾರಂಭಗಳ ಭಾಷಣದಲ್ಲಿ ಅದೇ ಮಾತು. ಕಾನೂನು ಕೂಡ ಹೊಸತೇನಲ್ಲ. 2000ನೆಯ ಇಸವಿಯಲ್ಲಿಯೇ ನಗರಗಳ ಘನತ್ಯಾಜ್ಯದ ಕುರಿತು ಕೇಂದ್ರ ಸರಕಾರದ ನಿಯಮಗಳು ಬಂದವು. 2016ರಲ್ಲಿ ಅವುಗಳ ಸ್ಥಾನದಲ್ಲಿ ಬಂದ ನಿಯಮಗಳು ಕೊಳೆಯುವ ಕಸ, ಕೊಳೆಯದ ಕಸ, ಮನೆಯ ಅಪಾಯಕಾರಿ ವಸ್ತುಗಳು ಎಂದು ಮೂರು ಪಾಲು ಮಾಡುವ ಹೊಣೆಯನ್ನು ಕಸ ಮಾಡಿದವರ ಮೇಲೆಯೇ ಹೊರಿಸಿದವು. ಆದರೂ ಒಂದು ಪಟ್ಟಣದಲ್ಲಿ ಜನರು ಬೇರ್ಪಡಿಸುತ್ತಾರೆ, ಮತ್ತೊಂದರಲ್ಲಿ ಇಲ್ಲ. ಒಂದೇ ಪಟ್ಟಣದ ಒಂದು ಬೀದಿ ಸ್ವಚ್ಛವಾಗಿರುತ್ತದೆ, ಪಕ್ಕದ ಬೀದಿಯ ತಿರುವಿನಲ್ಲಿ ತೊಟ್ಟೆಗಳ ರಾಶಿ ಬಿದ್ದಿರುತ್ತದೆ. ತಿಳುವಳಿಕೆ ಒಂದೇ, ಕಾನೂನು ಒಂದೇ. ನಡತೆ ಮಾತ್ರ ಬೇರೆ. ಇದಕ್ಕೆ ಕಾರಣವೇನೆಂದು ನಾವು ಸ್ವಲ್ಪ ವಿಚಾರ ಮಾಡಬೇಕಾಗಿದೆ.

ವಿಂಗಡಣೆಯೆಂಬುದು ಹೊಸ ಕಾಲದ ವಿದ್ಯೆ ಎಂದು ಅನೇಕರು ಭಾವಿಸಿದ್ದಾರೆ. ಇದು ನಿಜವಲ್ಲ. ಕಾಸರಗೋಡು ಸೀಮೆಯ ಹಳೆಯ ಮನೆಗಳನ್ನು ನೆನೆದರೆ ಸಾಕು. ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ, ಉಳಿದ ಗಂಜಿ ಅಕ್ಕಚ್ಚಿನ ಪಾತ್ರೆಗೆ ಸೇರಿ ಹಟ್ಟಿಯ ದನಕ್ಕೆ ಹೋಗುತ್ತಿತ್ತು. ಉಂಡ ಬಾಳೆಲೆ ಗೊಬ್ಬರದ ಗುಂಡಿಗೆ. ಗೆರಟೆ, ಮಡಲು, ಒಣಗಿದ ಹಾಳೆ ಬಚ್ಚಲೊಲೆಗೆ. ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ, ಮಿಕ್ಕಿದ್ದು ತೆಂಗಿನ ಬುಡಕ್ಕೆ. ಹಳೆಯ ಪತ್ರಿಕೆ, ಸೀಸೆ, ತೂತಾದ ತಾಮ್ರದ ಪಾತ್ರೆ ಗುಜರಿಯವನಿಗೆ. ಹರಿದ ಸೀರೆ ಮಗುವಿನ ಹಾಸಿಗೆಗೆ. ಅಕ್ಷರ ತಿಳಿಯದ ಅಜ್ಜಿಯಂದಿರು ಏಳೆಂಟು ಪಾಲುಗಳನ್ನು ಒಂದು ದಿನವೂ ತಪ್ಪದೆ ಮಾಡುತ್ತಿದ್ದರು. ಅವರಿಗೆ ಯಾರು ದಂಡ ಹಾಕುತ್ತಿದ್ದರು? ಯಾರು ಬಹುಮಾನ ಕೊಡುತ್ತಿದ್ದರು? ಯಾರೂ ಇಲ್ಲ. ಆದರೆ ಪ್ರತಿಯೊಂದು ವಸ್ತುವನ್ನೂ ಪಡೆಯುವವರೊಬ್ಬರು ಅಲ್ಲಿ ಇದ್ದರು. ದನಕ್ಕೆ ಹಾಕುವುದರಲ್ಲಿ ಗಾಜಿನ ಚೂರು ಬೀಳಬಾರದೆಂದು ಅಜ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದನ ಅವಳ ಕಣ್ಣೆದುರಿಗೇ ಇತ್ತು.

ಪಡೆಯುವವರನ್ನು ಬಲ್ಲವನು ಬೇರ್ಪಡಿಸುತ್ತಾನೆ, ಪಡೆಯುವವರು ಕಾಣದಿದ್ದಾಗ ಬೇರ್ಪಡಿಸುವುದನ್ನು ಬಿಡುತ್ತಾನೆ. ಈ ವಿಷಯದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ. ಪಟ್ಟಣದಲ್ಲಿ ಆದ ಕೇಡು ಕೂಡ ಇದೇ. ಬಾಡಿಗೆಯ ಕ್ವಾರ್ಟರ್ಸುಗಳಲ್ಲಿ, ನಾಲ್ಕೈದು ಮಾಳಿಗೆಯ ಕಟ್ಟಡಗಳಲ್ಲಿ ಹಟ್ಟಿಯಿಲ್ಲ, ತೋಟವಿಲ್ಲ, ಬಚ್ಚಲೊಲೆಯಿಲ್ಲ. ಮೇಲಾಗಿ ಅಜ್ಜಿಯ ಕಾಲದಲ್ಲಿ ಇಲ್ಲದ ವಸ್ತುಗಳು ಮನೆಯೊಳಗೆ ಬಂದಿವೆ. ಹಾಲಿನ ತೊಟ್ಟೆ, ತಿಂಡಿಯ ಮಿರುಗುವ ಪೊಟ್ಟಣ, ಔಷಧದ ಪಟ್ಟಿ, ಬ್ಯಾಟರಿ, ಕೆಟ್ಟುಹೋದ ಬಲ್ಬು, ಮಗುವಿನ ಡೈಪರು, ಇವನ್ನು ದನವೂ ತಿನ್ನಬಾರದು, ಮಣ್ಣೂ ಅರಗಿಸಲಾರದು. ಹೀಗೆ ಪಡೆಯುವವರು ಮರೆಯಾದರು, ಎಲ್ಲವೂ ಒಂದೇ ತೊಟ್ಟೆಗೆ ಸೇರಿತು, ತೊಟ್ಟೆಯ ಬಾಯಿಗೆ ಗಂಟು ಬಿತ್ತು, ಅದನ್ನು ಕತ್ತಲಾದ ಮೇಲೆ ರಸ್ತೆಯ ಬದಿಗೆ ಎಸೆಯುವ ಅಭ್ಯಾಸ ಬೆಳೆಯಿತು.

ಗಂಟು ಕಟ್ಟಿ ಎಸೆದರೆ ಕಸ ಮಾಯವಾಗುವುದಿಲ್ಲ. ಇನ್ನೊಬ್ಬರ ಮನೆಯ ಹತ್ತಿರಕ್ಕೆ ಹೋಗುತ್ತದೆ. ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. ನಾವು ಆಸ್ಪತ್ರೆಗೂ ಕಾಲೇಜಿಗೂ ಹೋಗಿ ಬರುವ ಮಂಗಳೂರಿನಲ್ಲಿ, 2019ರ ಆಗಸ್ಟ್ ತಿಂಗಳ ಮಳೆಗೆ ಪಚ್ಚನಾಡಿಯ ಕಸದ ಬೆಟ್ಟ ಜರಿದು ಕೆಳಗಿನ ಮಂದಾರ ಎಂಬ ಸ್ಥಳದ ಮೇಲೆ ಹರಿಯಿತು. ತೆಂಗು, ಕಂಗುಗಳ ತೋಟ ಕಸದಡಿಯಲ್ಲಿ ಹೂತುಹೋಯಿತು. ಇಪ್ಪತ್ತಕ್ಕೂ ಮಿಕ್ಕಿದ ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಒಂದು ಅಡಿಕೆ ತೋಟವನ್ನು ಬೆಳೆಸುವುದಕ್ಕೆ ಎಷ್ಟು ವರ್ಷ ಬೇಕೆಂದು ನಮ್ಮ ಹೆತ್ತವರಿಗೆ ಹೇಳಿಕೊಡಬೇಕಾಗಿಲ್ಲ. ತಿರುವನಂತಪುರದ ಕಸವನ್ನು ಹೊತ್ತ ವಿಳಪ್ಪಿಲ್‌ಶಾಲೆಯ ಜನರು ಸಹಿಸಲಾರದೆ 2011ರ ಕೊನೆಗೆ ಅಲ್ಲಿಯ ಘಟಕದ ಬಾಗಿಲು ಮುಚ್ಚಿಸಿದರು. ಕೊಚ್ಚಿಯ ಬಳಿಯ ಬ್ರಹ್ಮಪುರದಲ್ಲಿ 2023ರ ಮಾರ್ಚ್ 2ರಂದು ಕಸದ ರಾಶಿಗೆ ಹತ್ತಿದ ಬೆಂಕಿ ಹತ್ತು ದಿನಗಳಿಗೂ ಮಿಕ್ಕಿ ಹೊಗೆಯಾಡಿ ಇಡೀ ನಗರದ ಉಸಿರು ಕಟ್ಟಿಸಿತು. ಕೊಳೆಯುವ ವಸ್ತು ಗಾಳಿಯಾಡದೆ ರಾಶಿಯಲ್ಲಿ ಒತ್ತಿಕೊಂಡಾಗ ಮೀಥೇನ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಅದರ ಜೊತೆಗೆ ಪ್ಲಾಸ್ಟಿಕ್ ಇದ್ದರೆ ಬೆಂಕಿಗೆ ಬೇಕಾದ ಸೌದೆಯೂ ಸಿದ್ಧವಾದಂತೆ. ಹಸಿ ಮತ್ತು ಒಣ ಕಸ ಒಂದಾದುದೇ ಇಲ್ಲಿ ಮೂಲ ರೋಗ.

ಹಾಗಾದರೆ ಪಟ್ಟಣದ ಮನುಷ್ಯನನ್ನು ಮತ್ತೆ ವಿಂಗಡಣೆಗೆ ಒಲಿಸುವುದು ಹೇಗೆ? ಸಾಮಾನ್ಯವಾಗಿ ಹೇಳಲ್ಪಡುವ ಉಪಾಯಗಳು ಮೂರು: ಭಯ, ಲಾಭ ಮತ್ತು ನಾಚಿಕೆ. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು ಭಯ. ಕೇರಳದಲ್ಲಿ 2024ರಲ್ಲಿ ಪಂಚಾಯತು ಮತ್ತು ನಗರಸಭೆಗಳ ಕಾಯಿದೆಗಳಿಗೆ ತಿದ್ದುಪಡಿಯಾಗಿ, ಕಸ ಎಸೆಯುವವರ ಮೇಲಿನ ದಂಡ ಹೆಚ್ಚಿತು. ಅದಕ್ಕೆ ಮೊದಲೇ, 2023ರಲ್ಲಿ, ಕಸ ಎಸೆಯುವವರ ಸುಳಿವು ಕೊಟ್ಟವರಿಗೆ 2500 ರೂಪಾಯಿಗಳ ತನಕ ಬಹುಮಾನ ಕೊಡುವ ಏರ್ಪಾಡಾಗಿತ್ತು. ದಂಡ ಬೇಡವೆಂದು ನಾವು ಹೇಳುವುದಿಲ್ಲ. ರಾತ್ರಿ ಲಾರಿಯಲ್ಲಿ ಕಸ ತಂದು ಹೊಳೆಗೆ ಸುರಿಯುವವರಿಗೆ ಉಪದೇಶ ಸಾಲದು. ಆದರೆ ದಂಡವು ರಸ್ತೆಯಲ್ಲಿ ಎಸೆಯುವುದನ್ನು ತಡೆದೀತೇ ಹೊರತು ಅಡಿಗೆಮನೆಯೊಳಗೆ ಬೇರ್ಪಡಿಸುವುದನ್ನು ಕಲಿಸಲಾರದು. ಅಡಿಗೆಮನೆಗೆ ಕ್ಯಾಮರಾ ಇಡುವವರುಂಟೇ? ಭಯಪಟ್ಟವನು ಕ್ಯಾಮರಾ ಇಲ್ಲದ ತಿರುವನ್ನು ಹುಡುಕುತ್ತಾನೆ, ಇಲ್ಲವೇ ತೊಟ್ಟೆಗಳನ್ನು ಬಚ್ಚಲೊಲೆಗೆ ಹಾಕಿ ಸುಡುತ್ತಾನೆ. ಪ್ಲಾಸ್ಟಿಕ್ಕನ್ನು ಹೀಗೆ ಸುಟ್ಟರೆ ಡಯಾಕ್ಸಿನ್ ಮುಂತಾದ ವಿಷಗಳು ಹುಟ್ಟಬಹುದು. ಆ ಹೊಗೆಯನ್ನು ಮೊದಲು ಕುಡಿಯುವವರು ಅದೇ ಮನೆಯ ಮಕ್ಕಳು. ದಂಡ ತಪ್ಪಿತು, ರೋಗ ಬಂತು ಎಂಬಂತಾಗುತ್ತದೆ.

ಎರಡನೆಯದು ಲಾಭ. ಪತ್ರಿಕೆಗೂ ಸೀಸೆಗೂ ತಗಡಿಗೂ ಬೆಲೆಯಿರುವುದರಿಂದ ಅವು ಕಸದ ಬುಟ್ಟಿಗೆ ಬೀಳುವುದಿಲ್ಲ, ಗುಜರಿಗೆ ಹೋಗುತ್ತವೆ. ಇದು ಒಳ್ಳೆಯ ದೃಷ್ಟಾಂತವೇ ಸರಿ. ಆದರೆ ಲಾಭದ ದಾರಿ ಬಲು ಕಿರಿದು. ಹಾಲಿನ ತೊಟ್ಟೆಗೆ ಸಿಗುವ ಬೆಲೆ ಅದನ್ನು ತೊಳೆದು ಒಣಗಿಸುವ ಶ್ರಮಕ್ಕೆ ಸಾಟಿಯಾಗದು. ತಿಂಡಿಯ ಪೊಟ್ಟಣದಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳು ಅಂಟಿಕೊಂಡಿರುವುದರಿಂದ ಅದನ್ನು ಕೊಳ್ಳುವವರೇ ಇಲ್ಲ. ಹಣಕ್ಕಾಗಿ ಮಾತ್ರ ಬೇರ್ಪಡಿಸುವವನು ಹಣ ಬರುವುದನ್ನು ತೆಗೆದುಕೊಂಡು ಉಳಿದುದನ್ನು ಎಸೆಯುತ್ತಾನೆ. ಊರನ್ನು ಕೆಡಿಸುವುದು ಆ ಉಳಿದುದೇ.

ಮೂರನೆಯದು ನಾಚಿಕೆ, ಅಂದರೆ ನೆರೆಹೊರೆಯವರ ಕಣ್ಣು. ಇದನ್ನು ನಾವು ಹಗುರವಾಗಿ ಎಣಿಸಕೂಡದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಲಾ ವರ್ನ್ ಎಂಬ ಊರಿನಲ್ಲಿ ಮನಶ್ಶಾಸ್ತ್ರಜ್ಞ ವೆಸ್ಲಿ ಶುಲ್ಟ್ಸ್ ಎಂಬವರು ಒಂದು ಪರೀಕ್ಷೆ ನಡೆಸಿ 1999ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕೆಲವು ಮನೆಗಳ ಬಾಗಿಲಿಗೆ ದಯಮಾಡಿ ಬೇರ್ಪಡಿಸಿರಿ ಎಂಬ ವಿನಂತಿಯ ಚೀಟಿ ಮಾತ್ರ ತೂಗಿತು. ಬೇರೆ ಕೆಲವು ಮನೆಗಳಿಗೆ ಅವರ ನೆರೆಕರೆಯವರು ಆ ವಾರ ಎಷ್ಟು ಬೇರ್ಪಡಿಸಿದರು ಎಂಬ ಲೆಕ್ಕ ತಲುಪಿತು. ಬರಿಯ ವಿನಂತಿಯಿಂದ ಹೆಚ್ಚೇನೂ ಆಗಲಿಲ್ಲ. ಲೆಕ್ಕ ಕಂಡವರ ನಡತೆ ಬದಲಾಯಿತು. ಮನುಷ್ಯ ಎಲ್ಲಿದ್ದರೂ ಮನುಷ್ಯನೇ. ಎಲ್ಲರೂ ಎಸೆಯುತ್ತಾರೆ ಎಂದು ಹೇಳಿದರೆ ತಾನೂ ಎಸೆಯುತ್ತಾನೆ. ನೆರೆಮನೆಯವರು ಬೇರ್ಪಡಿಸುತ್ತಾರೆ ಎಂದು ತಿಳಿದರೆ ತಾನೂ ಬೇರ್ಪಡಿಸುತ್ತಾನೆ. ಆದುದರಿಂದ ಊರಿನ ಕೊಳಕನ್ನೇ ಮತ್ತೆ ಮತ್ತೆ ಹಳಿಯುವ ಫಲಕಗಳಿಗಿಂತ, ಈ ವಾರ್ಡಿನಲ್ಲಿ ಇಷ್ಟು ಮನೆಗಳು ಬೇರ್ಪಡಿಸಿ ಕೊಟ್ಟಿವೆ ಎಂದು ತಿಳಿಸುವ ಒಂದು ಕರಿಹಲಗೆ ಹೆಚ್ಚು ಕೆಲಸ ಮಾಡೀತು.

ಆದರೆ ಈ ಮೂರಕ್ಕೂ ಬುಡದಲ್ಲಿ ಇರಬೇಕಾದುದು ವಿಶ್ವಾಸ. ಗೃಹಿಣಿಯೊಬ್ಬಳು ಶ್ರಮಪಟ್ಟು ಎರಡು ಬುಟ್ಟಿಗಳಲ್ಲಿ ಕಸವಿಟ್ಟಳೆಂದು ಭಾವಿಸೋಣ. ಬಂದ ವಾಹನ ಎರಡನ್ನೂ ಒಟ್ಟಿಗೆ ಸುರಿದುಕೊಂಡು ಹೋದರೆ, ಆ ಒಂದು ಕ್ಷಣ ನೂರು ಕರಪತ್ರಗಳನ್ನು ಸುಳ್ಳು ಮಾಡುತ್ತದೆ. ಮರುದಿನ ಅವಳ ಮನೆಯಲ್ಲಿ ಬುಟ್ಟಿ ಒಂದೇ ಆಗುತ್ತದೆ. ಅದಕ್ಕಾಗಿ ಅವಳನ್ನು ದೂರುವುದು ನ್ಯಾಯವಲ್ಲ. ಬೇರ್ಪಡಿಸಿದ್ದು ಕೊನೆಯವರೆಗೂ ಬೇರೆಯಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಕೊಡಲಾರದವರಿಗೆ ಜನರನ್ನು ಗದರಿಸುವ ಅಧಿಕಾರವಿಲ್ಲ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ರಾಜ್ಯದ ಹರಿತ ಕರ್ಮ ಸೇನೆಯ ಏರ್ಪಾಡು ಗಮನಿಸಬೇಕಾದುದು. ಹೆಚ್ಚಾಗಿ ಕುಟುಂಬಶ್ರೀಯ ಮಹಿಳೆಯರೇ ಇರುವ ಈ ತಂಡಗಳು ಹಸಿರು ಮೇಲಂಗಿ ತೊಟ್ಟು ಮನೆಮನೆಗೆ ಬಂದು, ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಪಡೆಯುತ್ತವೆ. ಪಂಚಾಯತುಗಳಲ್ಲಿ ಮನೆಯೊಂದಕ್ಕೆ ತಿಂಗಳಿಗೆ ಸಾಮಾನ್ಯವಾಗಿ 50 ರೂಪಾಯಿ, ನಗರಸಭೆಗಳಲ್ಲಿ 70 ರೂಪಾಯಿ ಶುಲ್ಕ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿನ ಚೀಟಿಯನ್ನು ಮೊಬೈಲಿಗೆ ತೋರಿಸಿ ಕೊಟ್ಟುದರ ದಾಖಲೆಯಾಗುತ್ತದೆ. ಗಾಜು, ಹಳೆಯ ಚಪ್ಪಲಿ, ಬಟ್ಟೆ, ಕೆಟ್ಟ ವಿದ್ಯುತ್ ಉಪಕರಣ ಮುಂತಾದುವುಗಳಿಗೆ ಬೇರೆ ಬೇರೆ ತಿಂಗಳುಗಳ ಸರದಿಯಿದೆ. ಹೀಗೆ ಸಂಗ್ರಹಿಸಿದುದನ್ನು ವಾರ್ಡಿನ ಸಂಗ್ರಹ ಕೇಂದ್ರದಲ್ಲಿ ಮತ್ತೊಮ್ಮೆ ಕೈಯಿಂದ ಆರಿಸುತ್ತಾರೆ. ಮರುಬಳಕೆಗೆ ಬರುವುದು ಕಾರ್ಖಾನೆಗೆ, ಕೆಲವು ಬಗೆಯದು ಪುಡಿಯಾಗಿ ರಸ್ತೆಯ ಡಾಮರಿಗೆ, ಯಾವುದಕ್ಕೂ ಬಾರದ್ದು ಸಿಮೆಂಟು ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ.

ಈ ಶುಲ್ಕದ ಬಗ್ಗೆ ಗೊಣಗಾಟ ಇಲ್ಲದಿಲ್ಲ. ನಮ್ಮ ಕಸ ಕೊಟ್ಟು ನಾವೇ ಹಣ ಕೊಡಬೇಕೇ ಎಂದು ಕೇಳುವವರಿದ್ದಾರೆ. ಹಣ ಕೊಟ್ಟ ಮೇಲೆ ತೊಳೆಯುವುದೇಕೆ ಎಂದು ಕೇಳುವವರೂ ಇದ್ದಾರೆ. ಎರಡನೆಯ ಪ್ರಶ್ನೆಗೆ ಉತ್ತರ ಸಂಗ್ರಹ ಕೇಂದ್ರದ ನೆಲದಲ್ಲಿದೆ. ಜೂನಿನಿಂದ ಸೆಪ್ಟೆಂಬರಿನ ತನಕ ಬಿಡದೆ ಸುರಿಯುವ ನಮ್ಮ ಮಳೆಯಲ್ಲಿ, ಮೀನಿನ ನೀರು ಅಂಟಿದ ಒಂದು ತೊಟ್ಟೆ ಚೀಲದೊಳಗಿನ ಉಳಿದ ತೊಟ್ಟೆಗಳನ್ನೆಲ್ಲ ಕೆಡಿಸುತ್ತದೆ. ಹುಳು ಬೀಳುತ್ತದೆ, ನಾರುತ್ತದೆ. ಅದನ್ನು ಬಿಚ್ಚಿ ಒಂದೊಂದಾಗಿ ಆರಿಸುವ ಕೈ ಯಂತ್ರದ್ದಲ್ಲ. ಅದು ನಮ್ಮ ಮನೆಯಂತಹ ಮನೆಯಿಂದ ಬೆಳಿಗ್ಗೆ ಮಕ್ಕಳಿಗೆ ಬುತ್ತಿ ಕಟ್ಟಿಕೊಟ್ಟು ಕೆಲಸಕ್ಕೆ ಬಂದ ತಾಯಿಯ ಕೈ. ನಮ್ಮ ಶಾಲೆಯಂತಹ ಯಾವುದೋ ಶಾಲೆಯ ಬೆಂಚಿನಲ್ಲಿ ಆಕೆಯ ಮಗುವೂ ಕುಳಿತಿರುತ್ತದೆ. 50 ರೂಪಾಯಿ ಅವಳು ನಡೆದು ಬಂದುದಕ್ಕೆ ಕೊಡುವ ಕೂಲಿ. ನಮ್ಮ ಕೊಳೆಯನ್ನು ಕೈಯಲ್ಲಿ ಮುಟ್ಟಿಸುವುದಕ್ಕೆ ಕೊಡುವ ಪರವಾನಗಿಯಲ್ಲ.

ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿ ನಗರಸಭೆಯ ಹರಿತ ಕರ್ಮ ಸೇನೆಯ ಹನ್ನೊಂದು ಮಂದಿ ಮಹಿಳೆಯರು 2023ರಲ್ಲಿ ಹಣ ಕೂಡಿಸಿ 250 ರೂಪಾಯಿಯ ಒಂದು ಲಾಟರಿ ಚೀಟಿ ಕೊಂಡರು. ಅದಕ್ಕೆ ಹತ್ತು ಕೋಟಿ ರೂಪಾಯಿಯ ಮೊದಲ ಬಹುಮಾನ ಬಂತು. ಲಾಟರಿಯ ಆಸೆಯನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಒಂದು ಚೀಟಿಗಾಗಿ ಹನ್ನೊಂದು ಮಂದಿ ಕೈಗೂಡಿಸಬೇಕಾಗಿತ್ತು ಎಂಬ ಸಂಗತಿಯೇ ಈ ಕೆಲಸದ ಆದಾಯವೇನೆಂಬುದನ್ನು ಸಾರುತ್ತದೆ. ಅಷ್ಟು ಕಾಲ ಬಾಗಿಲಿಗೆ ಬರುತ್ತಿದ್ದವರ ಮುಖವನ್ನು ರಾಜ್ಯದ ಜನರು ನೋಡುವಂತಾದುದು ಪತ್ರಿಕೆಯಲ್ಲಿ ಅವರ ಚಿತ್ರ ಬಂದ ಮೇಲೆ. ಲಾಟರಿ ಬೀಳುವ ಮೊದಲೇ ಆ ಮುಖವನ್ನು ನೋಡಬೇಕಾದುದು ನಮ್ಮ ಧರ್ಮ.

ಹಸಿ ಕಸದ ವಿಷಯದಲ್ಲಿ ಪಡೆಯುವವರನ್ನು ಹೊರಗೆ ಹುಡುಕಬೇಕಾಗಿಯೇ ಇಲ್ಲ. ಇದಕ್ಕೆ ಆಲಪ್ಪುಳ ಪಟ್ಟಣ ಸಾಕ್ಷಿ. ಅಲ್ಲಿಯ ಕಸ ಸರ್ವೋದಯಪುರಂ ಎಂಬಲ್ಲಿಗೆ ಹೋಗುತ್ತಿತ್ತು. 2012ರಲ್ಲಿ ಆ ಊರಿನವರು ಲಾರಿಗಳನ್ನು ತಡೆದರು. ಪಟ್ಟಣದ ಬೀದಿಗಳಲ್ಲಿ ಕಸ ರಾಶಿಬಿತ್ತು. ಆಗ ನಗರಸಭೆಯು ಅಲ್ಲಿಯ ಶಾಸಕರಾಗಿದ್ದ ಟಿ. ಎಂ. ಥಾಮಸ್ ಐಸಾಕ್ ಅವರೊಡಗೂಡಿ, ನಿರ್ಮಲ ಭವನ, ನಿರ್ಮಲ ನಗರ ಎಂಬ ಹೆಸರಿನಲ್ಲಿ, ಮನೆಯ ಹಸಿ ಕಸ ಮನೆಯಲ್ಲಿಯೇ ಕರಗಬೇಕೆಂಬ ಚಳುವಳಿಯನ್ನು ಕೈಗೊಂಡಿತು. ಕೆಲವು ಮನೆಗಳಿಗೆ ಗೋಬರ್ ಅನಿಲದಂತಹ ಸಣ್ಣ ಸ್ಥಾವರ, ಕೆಲವಕ್ಕೆ ಗೊಬ್ಬರದ ಕೊಳವೆ, ಜಾಗವಿಲ್ಲದವರಿಗೆ ಬೀದಿಯಲ್ಲಿ ಸಾಮೂಹಿಕ ಗೊಬ್ಬರದ ತೊಟ್ಟಿ. ಕೇರಳದ ಪಶುವೈದ್ಯ ವಿಶ್ವವಿದ್ಯಾಲಯದ ತುಂಬೂರ್‌ಮುಳಿ ಕೇಂದ್ರದಲ್ಲಿ ರೂಪುಗೊಂಡ ಈ ತೊಟ್ಟಿಯಲ್ಲಿ ಸೆಗಣಿ, ಒಣ ಎಲೆ, ಹಸಿ ಕಸ ಪದರ ಪದರವಾಗಿ ಬೀಳುತ್ತವೆ. ಬದಿಗಳಿಂದ ಗಾಳಿಯಾಡುವುದರಿಂದ ಒಳಗೆ ಬಿಸಿಯೇರಿ, ಸುಮಾರು 90 ದಿನಗಳಲ್ಲಿ ನಾರದ ಗೊಬ್ಬರವಾಗುತ್ತದೆ. ಹಿಂದೆ ಕಸ ರಾಶಿಬಿದ್ದ ಜಾಗಗಳಲ್ಲಿಯೇ ಇಂತಹ ತೊಟ್ಟಿಗಳು ನಿಂತವು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವು ಕಸದ ನಿರ್ವಹಣೆಯಲ್ಲಿ ಮೇಲ್ಪಂಕ್ತಿಯಾದ ಜಗತ್ತಿನ ಐದು ನಗರಗಳಲ್ಲಿ ಆಲಪ್ಪುಳವನ್ನೂ ಹೆಸರಿಸಿತು.

ಆಲಪ್ಪುಳದವರು ನಮಗಿಂತ ಒಳ್ಳೆಯ ಮನುಷ್ಯರೇ? ನಾವು ಹಾಗೆ ಭಾವಿಸುವುದಿಲ್ಲ. ಅವರು ಹಾಕಿದ ಸಿಪ್ಪೆ ಗೊಬ್ಬರವಾಗಿ, ಅನಿಲವಾಗಿ ಮರಳಿ ಬಂದುದನ್ನು ಅವರೇ ಕಂಡರು. ಪ್ಲಾಸ್ಟಿಕ್ ಬಿದ್ದರೆ ಗೊಬ್ಬರ ಕೆಡುತ್ತದೆ ಎಂಬುದನ್ನೂ ಅವರೇ ಕಂಡರು. ಅಜ್ಜಿಯ ಹಟ್ಟಿಯ ದನದ ಸ್ಥಾನಕ್ಕೆ ಅಲ್ಲಿ ಒಂದು ತೊಟ್ಟಿ ಬಂದಿತ್ತು.

ಇನ್ನೊಂದು ಮಾತನ್ನು ಗಡಿನಾಡಿನವರಾದ ನಾವು ಹೇಳಲೇಬೇಕು. ಸಪ್ತಭಾಷೆಗಳ ಈ ನೆಲದಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಟಿ, ಬ್ಯಾರಿ, ಉರ್ದು ಕೇಳಿಬರುತ್ತವೆ. ಯಾವ ತಿಂಗಳಲ್ಲಿ ಗಾಜು, ಯಾವ ತಿಂಗಳಲ್ಲಿ ಬಟ್ಟೆ ಎಂಬ ಸೂಚನೆಯು ಓದುವವರಿಗೆ ತಿಳಿಯುವ ಲಿಪಿಯಲ್ಲಿ ಇಲ್ಲದಿದ್ದರೆ, ಅದು ಕೂಡ ಮನೆಗೆ ಬಂದ ಇನ್ನೊಂದು ಕಾಗದದ ಕಸವಾಗುತ್ತದೆ. ಕನ್ನಡದಲ್ಲಿಯೂ ಸೂಚನೆ ಕೊಡಿರಿ ಎಂದು ಕೇಳುವುದು ಭಾಷಾಭಿಮಾನದ ಮಾತು ಮಾತ್ರವಲ್ಲ, ಕೆಲಸ ಸಾಗಬೇಕೆಂಬ ಮಾತು. ಬೆಂಗಳೂರಿನಲ್ಲಿ 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯದ ಆದೇಶದಿಂದ ಎರಡು ಬುಟ್ಟಿ, ಒಂದು ಚೀಲದ ಕ್ರಮ ಬಂತು. ಹಸಿಗೆ ಹಸಿರು ಬುಟ್ಟಿ, ಬಳಸಿದ ಪ್ಯಾಡು, ಡೈಪರುಗಳಂತಹವುಗಳಿಗೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಬಣ್ಣಕ್ಕೆ ಭಾಷೆ ಬೇಕಾಗಿಲ್ಲ. ಪುಣೆಯಲ್ಲಿ ಕಸ ಆಯುವ ಮಹಿಳೆಯರ ಸಹಕಾರ ಸಂಘವಾದ ಸ್ವಚ್ಛ್ ಇನ್ನೂ ಸರಳವಾದುದನ್ನು ಕೇಳಿತು: ಇಂತಹ ಪ್ಯಾಡುಗಳನ್ನು ಪತ್ರಿಕೆಯಲ್ಲಿ ಸುತ್ತಿ, ಮೇಲೆ ಒಂದು ಕೆಂಪು ಚುಕ್ಕೆ ಇಡಿರಿ. ಆ ಚುಕ್ಕೆ ಕಂಡರೆ ಆರಿಸುವವಳು ಪೊಟ್ಟಣವನ್ನು ಬಿಚ್ಚುವುದಿಲ್ಲ. ಒಂದು ಚುಕ್ಕೆಯಲ್ಲಿ ಅಡಗಿರುವ ಮರ್ಯಾದೆಯನ್ನು ನಾವು ಗಮನಿಸಬೇಕು.

ವಿದ್ಯಾರ್ಥಿ ಮಿತ್ರರು ಈ ಕಾರ್ಯದಲ್ಲಿ ಏನು ಮಾಡಬಹುದು? ಘೋಷಣೆ ಕೂಗುವ ಮೆರವಣಿಗೆ ಒಂದು ದಿನದ ಕೆಲಸ. ಅದಕ್ಕಿಂತ ಮೇಲಾದ ಕೆಲಸಗಳು ನಾಲ್ಕು. ಮೊದಲನೆಯದಾಗಿ, ಮಲಯಾಳದಲ್ಲಿ ಬಂದ ಸೂಚನೆಯನ್ನು ಮನೆಯಲ್ಲಿ ಕನ್ನಡದಲ್ಲಿ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸುವುದು. ಅಜ್ಜಿಗೆ ತುಳುವಿನಲ್ಲಿ ಹೇಳುವುದಾದರೆ ಇನ್ನೂ ಒಳ್ಳೆಯದು. ಎರಡನೆಯದಾಗಿ, ಹಾಲಿನ ತೊಟ್ಟೆಯ ಮೂಲೆ ಕತ್ತರಿಸುವಾಗ ತುಂಡು ಬೇರ್ಪಡದಂತೆ ನೋಡಿಕೊಂಡು, ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಜಾಲಾಡಿ, ಹಗ್ಗಕ್ಕೆ ಸಿಕ್ಕಿಸುವುದು. ಇದಕ್ಕೆ ಅರ್ಧ ನಿಮಿಷ ಸಾಕು. ಮೂರನೆಯದಾಗಿ, ಒಡೆದ ಗಾಜು, ಬ್ಲೇಡು, ಸೂಜಿಗಳನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ಬರೆದು ಬೇರೆಯೇ ಇಡುವುದು. ನಾಲ್ಕನೆಯದಾಗಿ, ಬಾಗಿಲಿಗೆ ಬಂದವರ ಹೆಸರು ಕೇಳುವುದು. ಹೆಸರು ತಿಳಿದವರ ಕೈಗೆ ಕೊಳೆತುದನ್ನು ಕೊಡಲು ಯಾರಿಗೂ ಮನಸ್ಸು ಬಾರದು.

ಹೆತ್ತವರಲ್ಲಿಯೂ ಒಂದು ಬಿನ್ನಹವಿದೆ. ಈ ಕೆಲಸವನ್ನು ಮನೆಯ ಹೆಂಗಸರ ತಲೆಗೆ ಮಾತ್ರ ಕಟ್ಟಬೇಡಿರಿ. ಅಂಗಡಿಯಿಂದ ತೊಟ್ಟೆ ತರುವವರು ಯಾರೋ, ಅದನ್ನು ತೊಳೆಯುವವರು ಯಾರೋ ಆದರೆ ತೊಟ್ಟೆಗಳು ಕಡಿಮೆಯಾಗುವುದೇ ಇಲ್ಲ. ತಂದೆಯೂ ಮಗನೂ ವಾರಕ್ಕೊಮ್ಮೆ ಚೀಲ ಬಿಚ್ಚಿ ಆರಿಸಲಿ; ಮುಂದಿನ ವಾರ ಪೇಟೆಗೆ ಹೊರಡುವಾಗ ಬಟ್ಟೆಯ ಕೈಚೀಲ ತಾನಾಗಿಯೇ ನೆನಪಾದೀತು. ಆಡಳಿತದವರಲ್ಲಿ ನಾವು ಕೇಳುವುದು ಇನ್ನೂ ಸರಳ. ಹೇಳಿದ ದಿನಕ್ಕೆ ಬರಲಿ, ಬೇರ್ಪಡಿಸಿದುದನ್ನು ಬೆರಸದಿರಲಿ, ಸಂಗ್ರಹ ಕೇಂದ್ರದ ಬಾಗಿಲನ್ನು ವರ್ಷಕ್ಕೊಮ್ಮೆ ಶಾಲೆಯ ಮಕ್ಕಳಿಗೆ ತೆರೆಯಲಿ. ತಾನು ಕೊಟ್ಟ ತೊಟ್ಟೆ ಎಲ್ಲಿಗೆ ಹೋಯಿತೆಂದು ಕಣ್ಣಾರೆ ಕಂಡ ಮಗುವಿಗೆ ಮತ್ತೆ ಉಪದೇಶ ಬೇಕಾಗದು.

ಕಸದಿಂದ ರಸ ಎಂಬ ಮಾತನ್ನು ನಾವು ಪದೇ ಪದೇ ಆಡುತ್ತೇವೆ. ರಸ ಬರಲಿ, ಬಾರದಿರಲಿ, ಒಂದು ಮಾತಂತೂ ನಿಶ್ಚಯ. ನಾವು ಕಟ್ಟಿ ಕಳುಹಿಸುವ ಪ್ರತಿಯೊಂದು ಗಂಟನ್ನೂ ಎಲ್ಲಿಯೋ ಯಾರೋ ಬಿಚ್ಚುತ್ತಾರೆ. ಯಾರೂ ಬಿಚ್ಚದಿದ್ದರೆ ಅದು ಮಂದಾರದಂತಹ ಯಾವುದೋ ಊರಿನ ತೋಟದ ಮೇಲೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಬಿಚ್ಚುವವರು ನಮ್ಮವರೆಂದು ತಿಳಿದು ಕಟ್ಟುವುದೇ ವಿಂಗಡಣೆ. ಈ ತಿಳಿವು ಮನೆಮನೆಯಲ್ಲಿ ಮೂಡಿದಾಗ ದಂಡದ ಫಲಕಗಳಿಗೆ ಕೆಲಸ ಕಡಿಮೆಯಾದೀತು.